ಪಂಚಾಯ್ತಿ ಖಾತೆ ಕೊಟ್ಟಿದೆ, ಪ್ಲಾನಿಂಗ್ ಅಥಾರಿಟಿ ಗ್ರೀನ್ ಝೋನ್ ಅಂತಿದೆ: ಪಕ್ಕದ ಹೊಲ ಲೇಔಟ್ ಆದ್ರೆ ಏನ್ ಮಾಡ್ಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೆಂಗಳೂರು ಗ್ರಾಮಾಂತರ ಜಿಲ್ಲೆ. 2 ಎಕರೆ 10 ಗುಂಟೆ ಜಮೀನಿದೆ, ರಾಗಿ ಮತ್ತೆ ಸ್ವಲ್ಪ ಹಿಪ್ಪುನೇರಳೆ. ಪಕ್ಕದ 4 ಎಕರೆನ ಯಾರೋ ಹೊರಗಿನವರು ತಗೊಂಡು ಜೆಸಿಬಿ ಬಿಟ್ಟು ಸಮ ಮಾಡಿ ಸೈಟು ಕಲ್ಲು ನೆಟ್ಟಿದಾರೆ. ಮಳೆ ನೀರು ಕೆರೆಗೆ ಹೋಗ್ತಿದ್ದ ಕಾಲುವೆ ಅರ್ಧ ಮುಚ್ಚಿದೆ, ನಾವು ಗಾಡಿ ಹೊಡೀತಿದ್ದ ದಾರಿಗೆ ಗೇಟ್ ಹಾಕಿದಾರೆ. ಪಂಚಾಯ್ತಿಲಿ ಕೇಳಿದ್ರೆ ನಡಾವಳಿ ಆಗಿದೆ, ಖಾತೆ ಕೊಟ್ಟಿದೀವಿ ಅಂತಾರೆ. ಪ್ಲಾನಿಂಗ್ ಅಥಾರಿಟಿಲಿ ಕೇಳಿದ್ರೆ ಅದು ಗ್ರೀನ್ ಝೋನು, ನಾವು ಅಪ್ರೂವಲ್ ಕೊಟ್ಟೇ ಇಲ್ಲ ಅಂತಾರೆ. ಇದೇ ಪಂಚಾಯ್ತಿ, ನನ್ನ ಮಗ ನಮ್ಮ ಹೊಲದಲ್ಲೇ ಒಂದು ಮನೆ ಕಟ್ತೀನಿ ಅಂದಾಗ ಕನ್ವರ್ಷನ್ ಇಲ್ಲ ಅಂತ ವಾಪಸ್ ಕಳಿಸ್ತು. ಯಾರ ಮಾತು ನಡೆಯತ್ತೆ ಸರ್? ನಾನು ಎಲ್ಲಿಗೆ ಹೋಗ್ಲಿ?

ಉತ್ತರ: ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಜಮೀನು ವ್ಯಾಜ್ಯ ನೋಡ್ಕೊಂಡು ಬಂದಿರೋ ಇಷ್ಟು ವರ್ಷದಲ್ಲಿ ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ನಂಗೆ ಬರ್ತಾನೇ ಇದೆ, ಆದ್ರೆ ನಿಮ್ಮ ಪತ್ರದ ಕೊನೆ ಭಾಗ ಇದೆಯಲ್ಲ, ಲೇಔಟ್‌ನವನಿಗೆ ಸಿಕ್ಕ ಖಾತೆ ಊರಿನ ಹುಡುಗನಿಗೆ ಸಿಗಲಿಲ್ಲ ಅನ್ನೋದು, ಅದನ್ನ ಓದಿದಾಗ ನಿಜವಾಗ್ಲೂ ಹೊಟ್ಟೆ ಉರಿಯತ್ತೆ. ಹಾಗಾಗಿ ಸ್ವಲ್ಪ ಉದ್ದ ಆದ್ರೂ ಪೂರ್ತಿ ಬರೀತೀನಿ.

ಮೊದಲು ನೇರ ಉತ್ತರ. ಖಾತೆ ಅನ್ನೋದು ಪರ್ಮಿಷನ್ ಅಲ್ಲ. ಖಾತೆ ಅಂದ್ರೆ ಈ ಆಸ್ತಿಗೆ ಯಾರಿಂದ ಕಂದಾಯ ವಸೂಲಿ ಮಾಡ್ಬೇಕು ಅಂತ ಪಂಚಾಯ್ತಿ ಬರ್ಕೊಳ್ಳೋ ಪುಸ್ತಕ, ಅಷ್ಟೇ. ಆ ಜಮೀನಲ್ಲಿ ಏನ್ ಬೆಳೀಬೇಕು, ಮನೆ ಕಟ್ಟಬಹುದಾ, ಎಷ್ಟು ರಸ್ತೆ ಬಿಡಬೇಕು ಅನ್ನೋದನ್ನ ಖಾತೆ ತೀರ್ಮಾನ ಮಾಡಲ್ಲ. ನಿಮ್ಮ ಪಕ್ಕದ 4 ಎಕರೆ ವಿಚಾರದಲ್ಲಿ ಮೂರು ಕಡೆ ಮೂರು ಬೇರೆ ಬೇರೆ ತೀರ್ಮಾನ ಆಗ್ಬೇಕಿತ್ತು. ಒಂದು, ವ್ಯವಸಾಯದ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸೋಕೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ 95ನೇ ಕಲಂ ಕೆಳಗೆ ಜಿಲ್ಲಾಧಿಕಾರಿ ಅನುಮತಿ, ನಾವೆಲ್ಲ ಡಿಸಿ ಕನ್ವರ್ಷನ್ ಅನ್ನೋದು. ಇನ್ನೊಂದು, 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 17ನೇ ಕಲಂ ಕೆಳಗೆ ಪ್ಲಾನಿಂಗ್ ಅಥಾರಿಟಿ ಲೇಔಟ್ ನಕ್ಷೆಗೆ ಕೊಡೋ ಮಂಜೂರಾತಿ. ಇವೆರಡೂ ಆದ್ಮೇಲೆ ಪಂಚಾಯ್ತಿ ಬರೋದು, ಖಾತೆ ಮಾಡಿ ಮನೆ ಕಟ್ಟೋಕೆ ಲೈಸೆನ್ಸ್ ಕೊಡೋಕೆ. ಅಂದ್ರೆ ಪಂಚಾಯ್ತಿ ಕೊನೆಯ ಮೆಟ್ಟಿಲು. ನಿಮ್ಮಲ್ಲಿ ಕೊನೆ ಮೆಟ್ಟಿಲನ್ನೇ ಮೊದಲು ಹತ್ತಿಬಿಟ್ಟಿದಾರೆ, ಕೆಳಗಡೆ ಮೆಟ್ಟಿಲೇ ಇಲ್ಲ.

ಹಾಗಾದ್ರೆ ಪ್ಲಾನಿಂಗ್ ಅಥಾರಿಟಿ ಮಾತೇ ನಡೆಯತ್ತೆ ಅಲ್ವಾ ಅಂತ ಕೇಳ್ತೀರಿ. ಕಾನೂನಲ್ಲಿ ಹೌದು. ಆದ್ರೆ ಅವರು ಕೂತಿರೋದು ತಾಲೂಕು ಕೇಂದ್ರದಲ್ಲೋ ಇನ್ನೂ ದೂರದಲ್ಲೋ, ಇರೋ ಒಬ್ಬಿಬ್ಬರು ಇಂಜಿನಿಯರ್‌ಗಳು ನೂರಾರು ಹಳ್ಳಿ ನೋಡ್ಬೇಕು, ಜೆಸಿಬಿ ಬಂದಿದ್ದು ಅವರಿಗೆ ಗೊತ್ತಾಗೋ ಹೊತ್ತಿಗೆ ಅರ್ಧ ಸೈಟು ರಿಜಿಸ್ಟ್ರೇಷನ್ ಆಗಿರತ್ತೆ. ಪಂಚಾಯ್ತಿ ಅಲ್ಲೇ ಇದೆ, ಕಣ್ಣೆದುರೇ ಎಲ್ಲಾ ನೋಡತ್ತೆ, ಆದ್ರೆ ಅದರ ಕೈಲಿ ನಕ್ಷೆ ಇಲ್ಲ.

ಇದರ ಬೇರು ಸಂವಿಧಾನದಲ್ಲೇ ಇದೆ ಅಂತ ನಂಗೆ ಅನ್ಸತ್ತೆ. 73ನೇ ತಿದ್ದುಪಡಿಲಿ 11ನೇ ಅನುಸೂಚಿ ಅಂತ ಮಾಡಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯ ಪಟ್ಟಿ ಮಾಡಿದ್ರು, ಅದರಲ್ಲಿ ಗ್ರಾಮೀಣ ವಸತಿ ಇದೆ. ಆದ್ರೆ ಭೂ ಬಳಕೆ ನಿಯಂತ್ರಣ, ಕಟ್ಟಡ ನಿರ್ಮಾಣದ ನಿಯಂತ್ರಣ ಅನ್ನೋ ವಿಷಯ ಬಂದಿರೋದು 12ನೇ ಅನುಸೂಚಿಲಿ, ಅದು ಪುರಸಭೆ ನಗರಸಭೆಗಳ ಪಟ್ಟಿ. ಅಂದ್ರೆ ಹಳ್ಳಿಗೆ ಮನೆ ಕೊಟ್ರು, ಮನೆ ಎಲ್ಲಿ ಬರ್ಬೇಕು ಅಂತ ಹೇಳೋ ಅಧಿಕಾರ ಕೊಡಲಿಲ್ಲ. ಆಗ ಹಳ್ಳಿ ಬೇರೆ ಪಟ್ಟಣ ಬೇರೆ ಅಂತ ಗೆರೆ ಸ್ಪಷ್ಟವಾಗಿ ಕಾಣ್ತಿತ್ತೇನೋ, ಈಗ ಬೆಂಗಳೂರಿನ ಸುತ್ತ, ಮೈಸೂರಿನ ಸುತ್ತ, ಮಂಗಳೂರಿನ ಸುತ್ತ ಆ ಗೆರೆ ಎಲ್ಲಿದೆ ಹೇಳಿ? ಕರಾವಳಿ ಕಡೆಯವರಿಗೆ ‘ನೈನ್ ಇಲೆವೆನ್’ ಅಂದ್ರೆ ಸಾಕು ತಲೆನೋವು ಶುರುವಾಗತ್ತೆ, ಪಂಚಾಯ್ತಿ ಕೊಡೋ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತೆ ನಮೂನೆ 11ಕ್ಕೆ ಅವರು ಇಟ್ಟಿರೋ ಹೆಸರದು. ಅಲ್ಲಿ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟೋನು ಪಂಚಾಯ್ತಿಗೂ ಪ್ರಾಧಿಕಾರಕ್ಕೂ ಮಧ್ಯೆ ಚಪ್ಪಲಿ ಸವೆಸಿದ್ದು ಎಷ್ಟೋ ಸಲ ಅಸೆಂಬ್ಲಿವರೆಗೂ ಹೋಗಿದೆ. ನಿಮ್ಮ ಜಗಳ ಒಂಟಿ ಜಗಳ ಅಲ್ಲ.

ಇನ್ನು ಪಂಚಾಯ್ತಿ ಯಾಕೆ ಖಾತೆ ಕೊಡತ್ತೆ? ಎಲ್ಲರೂ ದುಡ್ಡು ತಿಂದ್ರು ಅಂತ ಹೇಳಿಬಿಡೋದು ಸುಲಭ, ಕೆಲವು ಕಡೆ ಅದು ಇರಬಹುದು, ಆದ್ರೆ ಅದೊಂದೇ ಅಲ್ಲ. ಪಂಚಾಯ್ತಿಗೆ ಸ್ವಂತ ಆದಾಯ ಅಂತ ಇರೋದೇ ಮನೆ ಕಂದಾಯ, ಸೈಟಿನ ಕಂದಾಯ. ರಾಗಿ ಹೊಲದಿಂದ ಪಂಚಾಯ್ತಿಗೆ ಒಂದು ರೂಪಾಯಿ ಬರಲ್ಲ, ಅದೇ ಹೊಲ ನೂರು ಸೈಟು ಆದ್ರೆ ವರ್ಷ ವರ್ಷ ತೆರಿಗೆ ಬರತ್ತೆ, ಬೀದಿ ದೀಪದ ಕರೆಂಟ್ ಬಿಲ್ಲು, ವಾಟರ್‌ಮ್ಯಾನ್ ಸಂಬಳ ಅದರಲ್ಲೇ ನಡೀಬೇಕು. ಹಾಗಾಗಿ ಸದಸ್ಯರಿಗೆ ಅದು ತಪ್ಪು ಅಂತಲೇ ಅನ್ಸಲ್ಲ. 2013ರಲ್ಲಿ ಇ-ಸ್ವತ್ತು ಬಂದಾಗ ಇದಕ್ಕೆ ಕಡಿವಾಣ ಬೀಳತ್ತೆ ಅಂದ್ಕೊಂಡಿದ್ವಿ, ಕೈಲಿ ಬರೆದು ಕೊಡೋ ಖಾತೆ ನಿಂತು ನಮೂನೆ 9, 11 ಕಂಪ್ಯೂಟರ್‌ನಿಂದಲೇ ಬರ್ಬೇಕು ಅಂತಾಯ್ತು. ಸ್ವಲ್ಪ ಮಟ್ಟಿಗೆ ಬಿತ್ತು ಕೂಡ. ಆದ್ರೆ ಅನಧಿಕೃತ ಆಸ್ತಿಗೂ 11ಬಿ ಅಂತ ಒಂದು ನಮೂನೆ ಇದೆ, 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಆಸ್ತಿಗಳನ್ನ ಲೆಕ್ಕಕ್ಕೆ ತಗೊಂಡು ತೆರಿಗೆ ವಸೂಲಿ ಮಾಡೋಕೆ ದಾರಿನೂ ಮಾಡಿದಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಆಸ್ತಿ ಸಕ್ರಮ ಆಗಲ್ಲ, ಇದನ್ನ ದಯವಿಟ್ಟು ಊರಲ್ಲಿ ನಾಲ್ಕು ಜನಕ್ಕೆ ಹೇಳಿ, ಯಾಕಂದ್ರೆ ಸೈಟು ಮಾರೋರು ಈ ಕಾಗದವನ್ನೇ ‘ಇ-ಖಾತಾ ರೆಡಿ ಇದೆ’ ಅಂತ ತೋರಿಸಿ ಮಾರ್ತಾರೆ. ಹಾಗಾಗಿ ನೀವು ಮೊದಲು ನೋಡ್ಬೇಕಾದ್ದು ಆ ಲೇಔಟಿಗೆ ಕೊಟ್ಟಿರೋದು ಯಾವ ನಮೂನೆ ಅಂತ. 11ಬಿ ಆಗಿದ್ರೆ ಅದು ಅನಧಿಕೃತ ಅಂತ ಪಂಚಾಯ್ತಿನೇ ಬರ್ಕೊಟ್ಟ ಹಾಗೆ. ಅಧಿಕೃತ ಆಸ್ತಿಗೆ ಕೊಡೋ 9 ಮತ್ತೆ 11ಎ ಕೊಟ್ಟಿದ್ರೆ ಯಾವ ಅಪ್ರೂವಲ್ ನಂಬರ್ ಮೇಲೆ ಕೊಟ್ರಿ ಅಂತ ಕೇಳಿ, ಅಲ್ಲೇ ಗಂಟು ಬಿಚ್ಚೋದು.

ಲೇಔಟ್‌ನವರು ಅಪ್ರೂವಲ್ ಯಾಕೆ ಮಾಡಿಸಲ್ಲ ಅನ್ನೋದಕ್ಕೂ ಒಂದು ಲೆಕ್ಕ ಹೇಳ್ತೀನಿ. ಒಂದು ಗುಂಟೆ ಅಂದ್ರೆ 1,089 ಚದರಡಿ, 4 ಎಕರೆ ಅಂದ್ರೆ 160 ಗುಂಟೆ, ಅಲ್ಲಿಗೆ 1,74,240 ಚದರಡಿ. ಸರಿಯಾಗಿ ಅಪ್ರೂವಲ್ ಮಾಡಿಸಿದ್ರೆ ಅಗಲವಾದ ರಸ್ತೆ, ಪಾರ್ಕು, ಸಿಎ ಜಾಗ (ಸಾರ್ವಜನಿಕ ಸೌಲಭ್ಯಕ್ಕೆ ಬಿಡೋ ಜಾಗ) ಎಲ್ಲಾ ಬಿಟ್ಟು ಮಾರೋಕೆ ಸುಮಾರು 55 ಪರ್ಸೆಂಟ್ ಉಳೀತು ಅಂತಿಟ್ಕೊಳ್ಳಿ, 30x40 ಅಡಿಯ ಸೈಟು 80ರ ಆಸುಪಾಸು ಆಗತ್ತೆ. ಪಾರ್ಕು ಬಿಡದೆ, ರಸ್ತೆ 20 ಅಡಿಗೆ ಇಳಿಸಿ, ಕಾಲುವೆ ಮೇಲೂ ಮಣ್ಣು ಸುರಿದು 75 ಪರ್ಸೆಂಟ್ ಮಾರಿದ್ರೆ 108 ಸೈಟು ಬರತ್ತೆ. ಆ 28 ಸೈಟಿನ ಆಸೆಗೇ ನಿಮ್ಮ ಕಾಲುವೆ ಮುಚ್ಚಿದ್ದು, ನಿಮ್ಮ ದಾರಿಗೆ ಗೇಟ್ ಬಿದ್ದಿದ್ದು. ಅದರ ಜೊತೆ ಚರಂಡಿ, ನೀರು, ಕರೆಂಟ್ ಕೆಲಸ ಮುಗಿಸದೆ ಸೈಟು ರಿಲೀಸ್ ಆಗಲ್ಲ ಅನ್ನೋ ಶರತ್ತೂ ತಪ್ಪತ್ತೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದ ಮೇಲೆ ವ್ಯವಸಾಯಗಾರ ಅಲ್ಲದವರೂ ಜಮೀನು ತಗೋಬಹುದು ಅಂತಾಯ್ತಲ್ಲ, ಆಮೇಲೆ ಹೊರಗಿನ ದುಡ್ಡು ನಿಮ್ಮ ಕಡೆ ಹರಿಯೋದು ಇನ್ನೂ ಸಲೀಸಾಯ್ತು. ಆದ್ರೆ ಜಮೀನು ಕೊಳ್ಳೋ ಹಕ್ಕು ಬೇರೆ, ಅದರಲ್ಲಿ ಸೈಟು ಮಾಡೋ ಹಕ್ಕು ಬೇರೆ. ಆ ತಿದ್ದುಪಡಿ 95ನೇ ಕಲಮನ್ನ ತೆಗೆದಿಲ್ಲ.

ಗ್ರೀನ್ ಝೋನ್ ಅಂದ್ರಲ್ಲ, ಅದು ಮಾಸ್ಟರ್ ಪ್ಲಾನ್‌ನಲ್ಲಿ ವ್ಯವಸಾಯ ವಲಯ ಅಂತ ಹಸಿರು ಬಣ್ಣ ಹಾಕಿರೋ ಜಾಗ. ಅದನ್ನ ವಸತಿ ಮಾಡ್ಬೇಕು ಅಂದ್ರೆ ಕನ್ವರ್ಷನ್‌ಗೂ ಮೊದಲು ಯೋಜನಾ ಕಾಯ್ದೆ 14ಎ ಕಲಂ ಕೆಳಗೆ ಭೂ ಬಳಕೆ ಬದಲಾವಣೆ ಆಗ್ಬೇಕು, ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು, ಪೇಪರಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೀಬೇಕು. ಈ ಪ್ರಕಟಣೆ ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರತ್ತೆ, ಸರ್ವೆ ನಂಬರ್ ಬಿಟ್ರೆ ಬೇರೇನೂ ಅರ್ಥ ಆಗಲ್ಲ, ಹಳ್ಳೀಲಿ ಅದನ್ನ ಓದೋರು ಯಾರು? ಮಾಸ್ಟರ್ ಪ್ಲಾನ್ ಕರಡು ಪ್ರಕಟ ಆದಾಗಲೂ ಅಷ್ಟೇ. ಹತ್ತು ವರ್ಷಕ್ಕೊಂದು ಸಲ ಪ್ಲಾನ್ ಪರಿಷ್ಕರಣೆ ಆಗ್ಬೇಕು ಅಂತ ಕಾನೂನಿದೆ, ಆಗ ನಿಮ್ಮ ಹೊಲಕ್ಕೆ ಯಾವ ಬಣ್ಣ ಬಳೀತಾರೆ ಅನ್ನೋದು ಮುಂದಿನ ಹತ್ತು ವರ್ಷ ನಿಮ್ಮ ಮಕ್ಕಳ ಹಣೆಬರಹ ಆಗತ್ತೆ, ಆದ್ರೂ ಗ್ರಾಮಸಭೆಲಿ ಆ ನಕ್ಷೆ ಬಿಚ್ಚಿ ತೋರಿಸಿದ್ದನ್ನ ನಾನು ನೋಡಿಲ್ಲ. ಆರು ತಿಂಗಳಿಗೆ ಒಂದಾದ್ರೂ ಗ್ರಾಮಸಭೆ ಆಗ್ಲೇಬೇಕು, ಅಲ್ಲಿ ಬರೀ ಮನೆ ಫಲಾನುಭವಿ ಪಟ್ಟಿ ಓದಿ ಮುಗಿಸ್ತಾರೆ. ಮುಂದಿನ ಸಭೆಲಿ ನೀವು ಎದ್ದು ನಿಂತು, ನಮ್ಮ ಊರಿನ ಮಾಸ್ಟರ್ ಪ್ಲಾನ್ ನಕ್ಷೆ ತರಿಸಿ ಗೋಡೆಗೆ ಅಂಟಿಸಿ ಅಂತ ಕೇಳಿ, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗೋ ಹಾಗೆ ನೋಡ್ಕೊಳ್ಳಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಕಾಲುವೆಯಿಂದ ಶುರು ಮಾಡಿ, ಖಾತೆಯಿಂದ ಅಲ್ಲ. ಯಾಕಂದ್ರೆ ಖಾತೆ ಜಗಳದಲ್ಲಿ ಅವರೂ ನೀವೂ ಖಾಸಗಿಯವರು, ವರ್ಷಗಟ್ಟಲೆ ಎಳೀತಾರೆ, ಕಾಲುವೆ ಸರ್ಕಾರದ್ದು. ಪಕ್ಕದ ಸರ್ವೆ ನಂಬರಿನ ಪಹಣಿ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ), ಮತ್ತೆ ಗ್ರಾಮ ನಕಾಶೆ ತೆಗೆಸಿ. ಪಹಣಿಲಿ ಖರಾಬು, ಅಂದ್ರೆ ಸಾಗುವಳಿ ಲೆಕ್ಕಕ್ಕೆ ಬರದ ಜಾಗ, ಎಷ್ಟು ಗುಂಟೆ ಅಂತ ಇರತ್ತೆ, ಅದು ಎ ಖರಾಬೋ ಬಿ ಖರಾಬೋ ನೋಡಿ. ಎ ಖರಾಬು ಅಂದ್ರೆ ಕಲ್ಲು ಬಂಡೆ ಥರ ಸಾಗುವಳಿಗೆ ಬಾರದ್ದು. ಬಿ ಖರಾಬು ಅಂದ್ರೆ ಹಳ್ಳ, ಕಾಲುವೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದನ್ನ ಯಾರೂ ಮಾರೋಕಾಗಲ್ಲ, ಕನ್ವರ್ಷನ್ ಮಾಡಿಸೋಕೂ ಆಗಲ್ಲ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ಕಾಲುವೆ ಮೇಲೆ ನಿಂತು ನೋಡಿದ್ರೆ ಯಾವ ಸರ್ವೆ ನಂಬರಲ್ಲಿ ನಿಂತಿದೀರಿ ಅಂತ ಅಂದಾಜು ಸಿಗತ್ತೆ, ಅದು ಸಾಕ್ಷಿ ಆಗಲ್ಲ ಆದ್ರೆ ಅರ್ಜಿ ಬರೆಯೋಕೆ ಸಾಕು. ಬಿ ಖರಾಬು ಅಂತ ಖಾತ್ರಿ ಆದ್ರೆ ತಹಶೀಲ್ದಾರ್‌ಗೆ ಅರ್ಜಿ, ಸರ್ವೆ ಮಾಡಿಸಿ ಒತ್ತುವರಿ ತೆರವು ಮಾಡಿ ಅಂತ. ಭೂ ಕಂದಾಯ ಕಾಯ್ದೆ 104ನೇ ಕಲಂ ಒತ್ತುವರಿದಾರರನ್ನ ಬಿಡಿಸೋಕೆ ಇದೆ, 192ಎ ಕಲಂ ಸರ್ಕಾರಿ ಜಮೀನು ಒತ್ತುವರಿನ ಅಪರಾಧ ಅಂತ ಹೇಳತ್ತೆ. ಎರಡೂ ಕಲಂ ನಂಬರು ಅರ್ಜಿಲಿ ಬರೀರಿ, ಸ್ವೀಕೃತಿ ಇಲ್ಲದೆ ಅರ್ಜಿ ಕೊಟ್ಟು ಬರಬೇಡಿ. ಮಳೆಗಾಲಕ್ಕೆ ಮುಂಚೆ ಆದ್ರೆ ಒಳ್ಳೇದು, ಮುಚ್ಚಿದ ಕಾಲುವೆಯ ನೀರು ಮೊದಲು ಬರೋದೇ ನಿಮ್ಮ ಹಿಪ್ಪುನೇರಳೆ ತೋಟಕ್ಕೆ. ಕಾಲುವೆ ಈಗ ಹೇಗಿದೆ ಅಂತ ತಾರೀಖು ಬರೋ ಹಾಗೆ ಫೋಟೋ ತೆಗೆದಿಟ್ಕೊಳ್ಳಿ.

ದಾರಿ ವಿಚಾರ ಎರಡು ಥರ. ಗ್ರಾಮ ನಕಾಶೆಲಿ ಗೆರೆ ಇದ್ರೆ ಅದು ನಕಾಶೆ ದಾರಿ, ಗೇಟ್ ತೆಗೆಸೋಕೆ ತಹಶೀಲ್ದಾರ್‌ಗೆ ಹೋಗಿ. ನಕಾಶೆಲಿ ಇಲ್ಲ, ತಾತನ ಕಾಲದಿಂದ ಓಡಾಡ್ತಿದೀವಿ ಅಷ್ಟೇ ಅಂದ್ರೆ ಅದು ರೂಢಿ ದಾರಿ, ಆಗ ಸಿವಿಲ್ ಕೋರ್ಟ್. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ 20 ವರ್ಷ ಅಡ್ಡಿ ಇಲ್ಲದೆ ಹಕ್ಕಿನಂತೆ ಬಳಸಿದ್ರೆ ಹಕ್ಕು ಹುಟ್ಟತ್ತೆ, ಅಡ್ಡಿ ಹಾಕಿದ ಮೇಲೆ ಸುಮ್ನೆ ಕೂತ್ರೆ ಆ ಹಕ್ಕು ಸಡಿಲ ಆಗತ್ತೆ. ಹಾಗಾಗಿ ತಡ ಮಾಡಬೇಡಿ. ಅಕ್ಕಪಕ್ಕದ ವಯಸ್ಸಾದವರು ಯಾರು ಆ ದಾರಿ ನೋಡಿದಾರೋ ಅವರ ಹೆಸರು ಬರೆದಿಟ್ಕೊಳ್ಳಿ.

ಆಮೇಲೆ ಮಾಹಿತಿ ಹಕ್ಕು ಅರ್ಜಿ, ಮೂರು ಕಡೆ. ಜಿಲ್ಲಾಧಿಕಾರಿ ಕಚೇರಿಗೆ, ಈ ಸರ್ವೆ ನಂಬರಿಗೆ ಭೂ ಪರಿವರ್ತನೆ ಆದೇಶ ಇದೆಯಾ, ಇದ್ರೆ ನಕಲು ಕೊಡಿ ಅಂತ. ಪ್ಲಾನಿಂಗ್ ಅಥಾರಿಟಿಗೆ, ಲೇಔಟ್ ಮಂಜೂರಾತಿ ಕೊಟ್ಟಿದೀರಾ, ಭೂ ಬಳಕೆ ಬದಲಾವಣೆ ಆಗಿದೆಯಾ ಅಂತ. ಅವರು ಬಾಯಲ್ಲಿ ‘ಕೊಟ್ಟಿಲ್ಲ’ ಅಂದಿದ್ದಕ್ಕೆ ಬೆಲೆ ಇಲ್ಲ, ಅದೇ ಮಾತು ಕಾಗದದಲ್ಲಿ ಸೀಲು ಹಾಕಿ ಬಂದ್ರೆ ನಿಮ್ಮ ಕೇಸಿನ ಬೆನ್ನೆಲುಬು ಅದೇ. ಮೂರನೇದು ಪಂಚಾಯ್ತಿಗೆ, ಖಾತೆ ಕೊಟ್ಟ ನಡಾವಳಿ ಮತ್ತೆ ಅದಕ್ಕೆ ಆಧಾರವಾದ ದಾಖಲೆ. 30 ದಿನದಲ್ಲಿ ಉತ್ತರ ಬರ್ಬೇಕು. ಬರದಿದ್ರೆ ಮೇಲ್ಮನವಿ.

ಈ ಮೂರು ಕಾಗದ ಕೈಗೆ ಬಂದ್ಮೇಲೆ ಪಂಚಾಯ್ತಿ ಕೊಟ್ಟ ಖಾತೆ ವಿರುದ್ಧ ತಾಲೂಕು ಪಂಚಾಯ್ತಿ ಇಓ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ ಅಪೀಲು, ಅದರ ಪ್ರತಿ ಜಿಲ್ಲಾ ಪಂಚಾಯ್ತಿ ಸಿಇಓಗೆ. ಅಪೀಲಿಗೆ ಕಾಲಮಿತಿ ಇರತ್ತೆ, ವಿಷಯ ಯಾವತ್ತು ತಿಳೀತು ಅಂತ ಬರೆದು ತಡ ಆದದ್ದಕ್ಕೆ ಕಾರಣನೂ ಸೇರಿಸಿ. ಕನ್ವರ್ಷನ್ ಇಲ್ಲ ಅಂತ ಗೊತ್ತಾದ್ರೆ 96ನೇ ಕಲಂ ಕೆಳಗೆ ಕ್ರಮ ತಗೊಳ್ಳಿ ಅಂತ ಕಂದಾಯ ಇಲಾಖೆಗೂ ಒಂದು ಅರ್ಜಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮತ್ತೆ ಅದರ ಪ್ರಾಧಿಕಾರ) ಮರೀಬೇಡಿ. 2016ರ ಆ ಕಾಯ್ದೆ ಪ್ರಕಾರ 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿ ಆಗದೆ ಜಾಹೀರಾತು ಕೊಡೋ ಹಾಗಿಲ್ಲ, ಒಂದು ಸೈಟೂ ಮಾರೋ ಹಾಗಿಲ್ಲ, ತಪ್ಪಿದ್ರೆ ಪ್ರಾಜೆಕ್ಟ್ ವೆಚ್ಚದ 10 ಪರ್ಸೆಂಟ್‌ವರೆಗೂ ದಂಡ. 4 ಎಕರೆ ಅಂದ್ರೆ 16 ಸಾವಿರ ಚದರ ಮೀಟರ್ ದಾಟತ್ತೆ. ರೋಡಿನಲ್ಲಿ ಬೋರ್ಡು ಹಾಕಿದ್ರೆ ಅದರ ಫೋಟೋ, ಪಾಂಪ್ಲೆಟ್ ಹಂಚಿದ್ರೆ ಅದೊಂದು, ಎರಡನ್ನೂ ರೇರಾಗೆ ಕಳಿಸಿ. ಇನ್ನೊಂದು, ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತಲೂ ನೋಡಿ, ಹಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟವೇ ನಿಲ್ಲಲ್ಲ.

ಲೇಔಟ್‌ನವರು ‘ಮುಂದೆ ಅಕ್ರಮ ಸಕ್ರಮದಲ್ಲಿ ಎಲ್ಲಾ ಸರಿ ಹೋಗತ್ತೆ’ ಅಂತ ಹೇಳಬಹುದು. ಅನಧಿಕೃತ ಸೈಟು, ಕಟ್ಟಡಗಳನ್ನ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋ ಆ ಯೋಜನೆನ ಹೈಕೋರ್ಟ್ 2016ರ ಡಿಸೆಂಬರಲ್ಲಿ ಎತ್ತಿ ಹಿಡಿದ್ರೂ, 2017ರ ಜನವರಿಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಅದನ್ನ ನಂಬ್ಕೊಂಡು ಸೈಟು ತಗೊಂಡೋರು ವರ್ಷಗಟ್ಟಲೆ ಬ್ಯಾಂಕ್ ಲೋನ್ ಸಿಗದೆ, ಪ್ಲಾನ್ ಮಂಜೂರಾಗದೆ ಒದ್ದಾಡಿದ್ದನ್ನ ಕಣ್ಣಾರೆ ಕಂಡಿದೀನಿ. ಅವರು ಯಾರು ಗೊತ್ತಾ, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ಆಟೋ ಓಡಿಸೋರು, ಚೀಟಿ ಎತ್ತಿ ಒಡವೆ ಅಡ ಇಟ್ಟು ಸೈಟು ಬರೆಸಿಕೊಂಡೋರು. ಹಾಗಾಗಿ ನಿಮ್ಮ ಪಕ್ಕದ ಲೇಔಟಿನಲ್ಲಿ ಸೈಟು ನೋಡೋಕೆ ಬರೋರ ಜೊತೆ ಜಗಳ ಆಡಬೇಡಿ, ಸಮಾಧಾನವಾಗಿ ಕಾಲುವೆ ತೋರಿಸಿ, ಇದು ಗ್ರೀನ್ ಝೋನು ಅಂತ ಹೇಳಿ. ಒಬ್ಬೊಬ್ಬರು ಹಿಂದಕ್ಕೆ ಹೋದ್ರೂ ಲೇಔಟಿನ ವೇಗ ತಾನಾಗೇ ಕಡಿಮೆ ಆಗತ್ತೆ. ಸೈಟೆಲ್ಲ ಮಾರಿ ಮನೆಗಳು ಎದ್ದ ಮೇಲೆ ಯಾವ ಅಧಿಕಾರಿಗೂ ಒಡೆಯೋಕೆ ಮನಸ್ಸು ಬರಲ್ಲ, ನಂಗೂ ಬರಲ್ಲ.

ಇನ್ನು ನಿಮ್ಮ ಮಗನ ಮನೆ. ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕನ್ವರ್ಷನ್ ಇಲ್ಲ ಅಂತ ವಾಪಸ್ ಕಳಿಸಿದ್ದು ಪೂರ್ತಿ ಸರಿ ಅಲ್ಲ. 95ನೇ ಕಲಮಿನಲ್ಲೇ ಒಂದು ದಾರಿ ಇದೆ, ಸಾಗುವಳಿ ಮಾಡೋ ರೈತ ತನ್ನ ಜಮೀನಲ್ಲಿ ತೋಟದ ಮನೆ ಕಟ್ಕೊಳ್ಳೋಕೆ ಕನ್ವರ್ಷನ್ ಬೇಕಿಲ್ಲ. ಹಿಡುವಳಿಯ 10 ಪರ್ಸೆಂಟ್ ಮೀರಬಾರದು, ಸ್ವಂತಕ್ಕೆ ಬಳಸ್ಬೇಕು, ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು. ನಿಮ್ಮದು 90 ಗುಂಟೆ, ಅಂದ್ರೆ 9 ಗುಂಟೆ ಒಳಗೆ. ಒಂದು ಮನೆ, ಕೊಟ್ಟಿಗೆ, ರೇಷ್ಮೆ ಹುಳು ಮನೆ ಎಲ್ಲಾ ಸೇರಿ ಅಷ್ಟು ಜಾಗ ಬೇಕಾಗೋದೂ ಇಲ್ಲ. ಮಗ ನಿಮ್ಮ ಜೊತೆ ವ್ಯವಸಾಯ ಮಾಡ್ತಿದಾನೆ ಅಂದ್ರೆ ತೋಟದ ಮನೆ ಅಂತಲೇ ಅರ್ಜಿ ಬರೆದು, ಪಹಣಿ ಲಗತ್ತಿಸಿ, ಪಂಚಾಯ್ತಿಗೆ ಮತ್ತೆ ಕೊಡಿ, ಪ್ಲಾನಿಂಗ್ ಅಥಾರಿಟಿಲೂ ವ್ಯವಸಾಯ ವಲಯದ ನಿಯಮ ಏನು ಹೇಳತ್ತೆ ಅಂತ ಬರಹದಲ್ಲಿ ಕೇಳಿ. ತಿರಸ್ಕರಿಸಿದ್ರೆ ಯಾವ ನಿಯಮದ ಪ್ರಕಾರ ಅಂತ ಹಿಂಬರಹ (ಕಾರಣ ಬರೆದ ಲಿಖಿತ ಉತ್ತರ) ಕೊಡಿ ಅನ್ನಿ. ಹಿಂಬರಹ ಇಲ್ಲದೆ ವಾಪಸ್ ಬಂದ ಅರ್ಜಿ, ಅರ್ಜಿನೇ ಅಲ್ಲ.

ಇದರಲ್ಲಿ ಒಂದು ತೊಡಕು ಮುಚ್ಚಿಡಬಾರದು, ತೋಟದ ಮನೆಗೆ ಬ್ಯಾಂಕಿನವರು ಹೋಮ್ ಲೋನ್ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ. ಸಾಲ ಬೇಕೇ ಬೇಕು ಅಂದ್ರೆ ಗ್ರಾಮಠಾಣದ (ಊರಿನ ಹಳೇ ವಸತಿ ಜಾಗದ) ಒಳಗೆ ನಿಮ್ಮ ಹಳೇ ಮನೆ ಜಾಗ ಏನಾದ್ರೂ ಇದೆಯಾ ನೋಡಿ, ಅಲ್ಲಿ ಕನ್ವರ್ಷನ್ ಪ್ರಶ್ನೆ ಬರಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಲಿ ಡ್ರೋನ್ ಸರ್ವೆ ನಿಮ್ಮ ಊರಲ್ಲಿ ಆಗಿದ್ರೆ ಹಳೇ ಮನೆಯ ಆಸ್ತಿ ಕಾರ್ಡೂ ಸಿಗತ್ತೆ. ಎರಡು ಗುಂಟೆ ಮಾತ್ರ ಕನ್ವರ್ಷನ್ ಮಾಡಿಸ್ತೀನಿ ಅಂತ ಹೋಗಬೇಡಿ, ಗ್ರೀನ್ ಝೋನಲ್ಲಿ ಅದಕ್ಕೆ 14ಎ, ಸರ್ಕಾರ, ಶುಲ್ಕ ಅಂತ ಮನೆ ಕಟ್ಟೋ ದುಡ್ಡು ಓಡಾಟದಲ್ಲೇ ಕರಗತ್ತೆ. ಯಾರಾದ್ರೂ ಬ್ರೋಕರ್ ಬಂದು ‘ನಿಮ್ದೂ ಆ ಲೇಔಟ್ ಥರನೇ ಖಾತೆ ಮಾಡಿಸ್ಕೊಡ್ತೀನಿ’ ಅಂದ್ರೆ ದಯವಿಟ್ಟು ಒಪ್ಪಬೇಡಿ, ಆಮೇಲೆ ಪಕ್ಕದವನ ಮೇಲೆ ನೀವು ಹಾಕಿದ ಅಪೀಲಿಗೆ ಬಲ ಇರಲ್ಲ.

ಗ್ರಾಮ ನಕಾಶೆ ಮತ್ತೆ ಎರಡೂ ಸರ್ವೆ ನಂಬರಿನ ಪಹಣಿ ಸಿಕ್ಕಿದ ಮೇಲೆ ನಂಗೆ ಕಳಿಸಿ, ದಾರಿ ನಕಾಶೆದೋ ರೂಢಿದೋ ಅಂತ ನೋಡಿ ಹೇಳ್ತೀನಿ, ಆ ಅರ್ಜಿ ಹೇಗೆ ಬರೀಬೇಕು ಅನ್ನೋದು ಅದರ ಮೇಲೆ ನಿಂತಿದೆ. ಕಾಲುವೆ ಅರ್ಜಿ ಮಾತ್ರ ಅದಕ್ಕೆ ಕಾಯಬೇಡಿ, ಈ ವಾರವೇ ಕೊಡಿ.